‘ಕೆ’ ಸ್ಥಿರವಾದರೆ ಲೆಕ್ಕಕ್ಕೊಂದು ಬೆಲೆ ಏಕೆ?

ಪ್ರಶ್ನೆ: ಎಂಟನೆಯ ತರಗತಿಯಲ್ಲಿರುವ ನನ್ನ ಮಗಳು ನೇರ ಅನುಪಾತದ ‘ವೈ = ಕೆ × ಎಕ್ಸ್’ ಎಂಬ ಸೂತ್ರವನ್ನು ಬಾಯಿಪಾಠ ಮಾಡಿದ್ದಾಳೆ. ‘ಕೆ’ ಸ್ಥಿರಾಂಕವಂತೆ, ಆದರೆ ಒಂದು ಲೆಕ್ಕದಲ್ಲಿ ಅದು 5, ಇನ್ನೊಂದರಲ್ಲಿ 24. ಹೀಗೆ ಬದಲಾಗುವುದನ್ನು ಸ್ಥಿರ ಎನ್ನುವುದು ಹೇಗೆಂದು ಅವಳು ಕೇಳಿದಳು. ನನಗೆ ಉತ್ತರ ಹೊಳೆಯಲಿಲ್ಲ.
– ಓದುಗರೊಬ್ಬರು, ದಾವಣಗೆರೆ

ಉತ್ತರ: ನಿಮ್ಮ ಮಗಳ ಆಕ್ಷೇಪ ನ್ಯಾಯವಾದದ್ದೇ. ‘ಸ್ಥಿರ’ ಎಂಬ ಮಾತು ಒಂದು ಸಂದರ್ಭದ ಮಟ್ಟಿಗಷ್ಟೇ ಸಲ್ಲುತ್ತದೆ ಎಂಬುದನ್ನು ಪಾಠ ಹೇಳುವ ನಾವು ಬಿಡಿಸಿ ಹೇಳುವುದು ಕಡಿಮೆ.

ನಿಮ್ಮೂರಿನ ಎಪಿಎಂಸಿಯಲ್ಲಿ ಈ ದಿನ ಮೆಕ್ಕೆಜೋಳದ ಧಾರಣೆ ಕ್ವಿಂಟಲ್‌ಗೆ 2,400 ರೂಪಾಯಿ ಎಂದಿಟ್ಟುಕೊಳ್ಳಿ. 2 ಕ್ವಿಂಟಲ್ ಮಾರಿದವರಿಗೆ 4,800, 5 ಕ್ವಿಂಟಲ್ ಮಾರಿದವರಿಗೆ 12,000, 15 ಕ್ವಿಂಟಲ್ ಮಾರಿದವರಿಗೆ 36,000 ರೂಪಾಯಿ ಸಿಗುತ್ತದೆ. ತೂಕವೂ ಬದಲಾಯಿತು, ಹಣವೂ ಬದಲಾಯಿತು. ಆದರೆ ಹಣವನ್ನು (ವೈ) ತೂಕದಿಂದ (ಎಕ್ಸ್) ಭಾಗಿಸಿದಾಗ ಬರುವ 2,400 ಮಾತ್ರ ಕದಲಲಿಲ್ಲ. ಅದೇ ‘ಕೆ’. ನಾಳೆ ಧಾರಣೆ ಇಳಿದರೆ ‘ಕೆ’ ಬೇರೆಯಾಗುತ್ತದೆ, ನಿಜ. ಆದರೆ ನಾಳಿನ ಲೆಕ್ಕದೊಳಗೆ ಅದೂ ಅಷ್ಟೇ ಅಲುಗಾಡದೆ ನಿಲ್ಲುತ್ತದೆ. ಇದೇ ಧಾರಣೆಯನ್ನು ಕಿಲೋ ಲೆಕ್ಕದಲ್ಲಿ ಹೇಳಿದರೆ 24 ರೂಪಾಯಿ. ಆದ್ದರಿಂದ ‘ಕಿಲೋಗೆ ಇಷ್ಟು ರೂಪಾಯಿ’ ಎಂಬ ಮಾನವನ್ನು ಬರೆಯದೆ ‘ಕೆ = 24’ ಎಂದು ನಿಲ್ಲಿಸಿದರೆ ನನ್ನ ಪ್ರಕಾರ ಅದು ಅರ್ಧ ಉತ್ತರ.

ಎಲ್ಲಿಯೂ ಬದಲಾಗದ ಅನುಪಾತ ಸ್ಥಿರಾಂಕಗಳೂ ಇವೆ. ಬಳೆಯಾಗಲಿ, ಬಂಡಿಯ ಗಾಲಿಯಾಗಲಿ, ಪರಿಧಿಯನ್ನು ವ್ಯಾಸದಿಂದ ಭಾಗಿಸಿದರೆ ಬರುವುದು ಪೈ, ಅಂದರೆ ಸುಮಾರು 3.14. ಮಕ್ಕಳು ಪೈಯನ್ನು ಮೊದಲು ಕಂಡು, ಬಳಿಕ ಪ್ರತಿಯೊಂದು ‘ಕೆ’ಯಿಂದಲೂ ಅದನ್ನೇ ನಿರೀಕ್ಷಿಸುವುದು ಸಹಜ.

ಇನ್ನೊಂದು ತಪ್ಪನ್ನು ನಾನು ಉತ್ತರ ಪತ್ರಿಕೆಗಳಲ್ಲಿ ಮತ್ತೆ ಮತ್ತೆ ಕಂಡಿದ್ದೇನೆ: ಒಂದು ಹೆಚ್ಚಿದಾಗ ಇನ್ನೊಂದೂ ಹೆಚ್ಚಿದರೆ ಸಾಕು, ಅದನ್ನು ನೇರ ಅನುಪಾತವೆಂದು ಬರೆದುಬಿಡುತ್ತಾರೆ. ಮೇಲಿನ ಲೆಕ್ಕದಲ್ಲೇ, ಮಾಲು ಎಷ್ಟೇ ಇರಲಿ, ಗಾಡಿ ಬಾಡಿಗೆ 500 ರೂಪಾಯಿ ಕಳೆಯಬೇಕು ಎನ್ನಿ. 2 ಕ್ವಿಂಟಲ್‌ಗೆ ಕೈಗೆ ಬರುವುದು 4,300, 5 ಕ್ವಿಂಟಲ್‌ಗೆ 11,500. ಭಾಗಿಸಿ ನೋಡಿದರೆ ಒಮ್ಮೆ 2,150, ಇನ್ನೊಮ್ಮೆ 2,300. ಇಲ್ಲಿ ‘ಕೆ’ ಎಂಬುದೇ ಇಲ್ಲ. ನಕ್ಷೆ ಎಳೆದರೆ ಸರಳರೇಖೆಯೇನೋ ಬರುತ್ತದೆ, ಆದರೆ ಅದು ಮೂಲಬಿಂದುವಿನ, ಅಂದರೆ ಎರಡೂ ಬೆಲೆ ಸೊನ್ನೆಯಾಗಿರುವ ಬಿಂದುವಿನ, ಮೂಲಕ ಹಾಯುವುದಿಲ್ಲ.

ಒಂದು ಎಷ್ಟು ಪಟ್ಟು ಹೆಚ್ಚುತ್ತದೆಯೋ ಇನ್ನೊಂದು ಅಷ್ಟೇ ಪಟ್ಟು ಕುಗ್ಗುವ ವಿಲೋಮ ಅನುಪಾತದಲ್ಲಿ ಸ್ಥಿರವಾಗಿರುವುದು ಭಾಗಲಬ್ಧವಲ್ಲ, ಗುಣಲಬ್ಧ. ಹೊಲದ ಕಳೆ ತೆಗೆಯಲು 6 ಜನಕ್ಕೆ 4 ದಿನ ಬೇಕಾದರೆ, ಎಲ್ಲರೂ ಒಂದೇ ಸಮನೆ ದುಡಿಯುತ್ತಾರೆಂದು ಎಣಿಸಿದಲ್ಲಿ, 8 ಜನಕ್ಕೆ 3 ದಿನ, 12 ಜನಕ್ಕೆ 2 ದಿನ ಸಾಕು. ಯಾವ ಜೋಡಿಯನ್ನು ಗುಣಿಸಿದರೂ 24. ‘ಇದು ಇಪ್ಪತ್ನಾಲ್ಕು ಆಳಿನ ಕೆಲಸ’ ಎಂದು ಹೊಲದ ಬದುವಿನ ಮೇಲೆ ನಿಂತು ರೈತರು ಹೇಳುವಾಗ ಅವರು ಹೇಳುತ್ತಿರುವುದು ಈ ‘ಕೆ’ಯನ್ನೇ, ಅದೂ ಮಾನದ ಸಮೇತ.