ಎತ್ತಿಕೊಳ್ಳಲು ಹೆದರುವ ಅಪ್ಪ

ಪ್ರಶ್ನೆ: ನನಗೆ 22 ವರ್ಷ. ಪ್ರೀತಿಸಿ ಮದುವೆಯಾಗಿ, ಪದವಿಯನ್ನು ಕೊನೆಯ ವರ್ಷದಲ್ಲಿ ಬಿಟ್ಟು, ಕಾಫಿ ತೋಟವೊಂದರಲ್ಲಿ ಲೆಕ್ಕ ಬರೆಯುವ ರೈಟರ್ ಆಗಿದ್ದೇನೆ. ಮಗಳಿಗೆ ಏಳು ವಾರ. ಅವಳು ಅತ್ತರೆ ನನಗೆ ಕೈಕಾಲೇ ಆಡುವುದಿಲ್ಲ. ಬಾಣಂತನಕ್ಕೆ ಬಂದಿರುವ ಅತ್ತೆ ಮಗುವನ್ನು ನನ್ನ ಕೈಗೆ ಕೊಡುವುದೂ ಇಲ್ಲ. ಗೆಳೆಯರು ಕೆಸರುಗದ್ದೆ ಆಟಕ್ಕೆ ಹೊರಟರೆ ಮನೆಯಲ್ಲಿ ಸಿಡುಕುತ್ತೇನೆ. ಮಗುವಿನ ಮೇಲೆ ಪ್ರೀತಿಯೇ ಹುಟ್ಟಿಲ್ಲವೆನಿಸುತ್ತದೆ. ಬೆಂಗಳೂರಿಗೆ ಹೋಗಿ ದುಡಿದು ಹಣ ಕಳಿಸಿದರೆ ಸಾಲದೇ?
– ಹೆಸರು ಬೇಡ, ವಿರಾಜಪೇಟೆ ತಾಲ್ಲೂಕು

ಉತ್ತರ: ಈಗಲೇ ಬೆಂಗಳೂರಿನ ಬಸ್ಸು ಹತ್ತಬೇಡಿ. ಹಸುಗೂಸುಗಳ ಅಳು ಆರನೆಯ ವಾರದ ಸುಮಾರಿಗೆ ತಾರಕಕ್ಕೇರಿ, ಮೂರು ನಾಲ್ಕು ತಿಂಗಳ ಹೊತ್ತಿಗೆ ತಾನಾಗಿ ಇಳಿಯುತ್ತದೆ. ನೀವು ತಂದೆಯಾಗಿ ನಿಮ್ಮನ್ನು ತೂಗಿ ನೋಡಿಕೊಳ್ಳುತ್ತಿರುವುದು ಅತ್ಯಂತ ಕಷ್ಟದ ವಾರಗಳಲ್ಲಿ. ಹೆತ್ತವಳಿಗೆ ಒಂಬತ್ತು ತಿಂಗಳ ಒಡನಾಟವಿರುತ್ತದೆ. ಅನೇಕ ತಂದೆಯರಿಗೆ ಮಮತೆ ಕೂಡುವುದು ಮಗುವನ್ನು ಎತ್ತಿ, ಒರೆಸಿ, ಮಲಗಿಸಿದ ಮೇಲೆಯೇ, ಮತ್ತು ಆ ಅವಕಾಶ ನಿಮಗೆ ಇನ್ನೂ ಸಿಕ್ಕಿಲ್ಲ.

ಅತ್ತೆಯವರೊಡನೆ ವಾದಕ್ಕಿಳಿಯದೆ, "ನನಗೂ ಕಲಿಸಿಕೊಡಿ ಅತ್ತೆ" ಎಂದು ಕೇಳಿ. ಕುತ್ತಿಗೆ ಇನ್ನೂ ನಿಲ್ಲದ ಕೂಸನ್ನು ಎತ್ತುವಾಗ ಒಂದು ಅಂಗೈ ತಲೆ ಮತ್ತು ಕತ್ತಿನ ಕೆಳಗೆ, ಇನ್ನೊಂದು ಬೆನ್ನು ಮತ್ತು ಪೃಷ್ಠದ ಕೆಳಗೆ ಇರಲಿ. ರಾತ್ರಿ ಹಾಲು ಕುಡಿದಾದ ಮೇಲೆ ಹೆಗಲಿಗೆ ಹಾಕಿಕೊಂಡು ತೇಗಿಸುವ ಕೆಲಸ ನಿಮ್ಮದಾದರೆ ನಿಮ್ಮ ಹೆಂಡತಿಗೆ ಅಷ್ಟು ನಿದ್ದೆ ಸಿಗುತ್ತದೆ. ಜಡಿಮಳೆಯಲ್ಲಿ ಮಗುವಿನ ಬಟ್ಟೆ ಒಣಗಿಸುವುದು ಎಷ್ಟು ದೊಡ್ಡ ಕೆಲಸವೆಂಬುದು ಕೊಡಗಿನವರಿಗೆ ಹೇಳಬೇಕಾಗಿಲ್ಲ. ಒಲೆಯ ಹೊಗೆ ತಾಗದ ಕಡೆ ಹಗ್ಗ ಕಟ್ಟಿ ಅದನ್ನೂ ವಹಿಸಿಕೊಳ್ಳಿ. ಆರನೆಯ ವಾರದ ಲಸಿಕೆ ಆಗಿದೆಯೇ ಎಂದು ತಾಯಿ ಕಾರ್ಡ್ ತೆಗೆದು ನೋಡಿ, ಹತ್ತು ಮತ್ತು ಹದಿನಾಲ್ಕನೆಯ ವಾರದ ಲಸಿಕೆಗಳಿಗೆ ನೀವೇ ಜೊತೆಯಲ್ಲಿ ಹೋಗಿ. ಅಳು ಸಹಿಸಲಾಗದೆ ಸಿಟ್ಟು ನೆತ್ತಿಗೇರಿದರೆ ಮಗುವನ್ನು ತೊಟ್ಟಿಲಲ್ಲಿ ಅಂಗಾತ ಮಲಗಿಸಿ ಐದು ನಿಮಿಷ ಜಗಲಿಗೆ ಬನ್ನಿ. ಏನೇ ಆದರೂ ಮಗುವನ್ನು ಹಿಡಿದು ಅಲುಗಾಡಿಸಬಾರದು, ಮಿದುಳಿಗೆ ಪೆಟ್ಟಾಗುತ್ತದೆ.

ಗೆಳೆಯರ ಆಟಕ್ಕೆ ಒಂದು ಭಾನುವಾರ ಹೆಂಡತಿಗೆ ಹೇಳಿಯೇ ಹೋಗಿ ಬನ್ನಿ. ಅದು ಅಪರಾಧವಲ್ಲ, ಮನೆಯಲ್ಲಿ ಕುಳಿತು ಸಿಡುಕುವುದಕ್ಕಿಂತ ಎಷ್ಟೋ ಮೇಲು. ಇನ್ನೊಂದು ಮಾತು. ಬಾಣಂತಿಯರಿಗೆ ಬರುವ ಖಿನ್ನತೆ ಹೆಚ್ಚುಕಡಿಮೆ ಹತ್ತರಲ್ಲಿ ಒಬ್ಬ ತಂದೆಗೂ ಬರುತ್ತದೆ. ನಿದ್ದೆಗೆಟ್ಟ ಮಂಕು, ಸಿಡುಕು, ಎಲ್ಲಾದರೂ ಓಡಿಹೋಗಬೇಕೆಂಬ ತುಡಿತ ಎರಡು ವಾರ ದಾಟಿದರೆ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್‌ನ 14416ಕ್ಕೆ ಕರೆ ಮಾಡಿ. ದಿನದ 24 ಗಂಟೆಯೂ ಉಚಿತವಾಗಿ ಕನ್ನಡದಲ್ಲೇ ಮಾತಾಡಬಹುದು.

ಓದಿನ ದಾರಿ ಮುಚ್ಚಿಲ್ಲ. ಬಾಕಿ ಪರೀಕ್ಷೆಗಳ ಬಗ್ಗೆ ನಿಮ್ಮ ಕಾಲೇಜಿನಲ್ಲಿ ವಿಚಾರಿಸಿ. ಅಲ್ಲಿ ಆಗದಿದ್ದರೆ ಮೈಸೂರಿನ ಕರ್ನಾಟಕ ರಾಜ್ಯ ಮುಕ್ತ ವಿಶ್ವವಿದ್ಯಾನಿಲಯವಿದೆ. ಬೆಂಗಳೂರಿನ ವಿಚಾರವನ್ನು ರೋಬಸ್ಟಾ ಕಾಫಿಯ ಕೊಯ್ಲು ಮುಗಿದ ಮೇಲೆ, ಮನೆ ಬಾಡಿಗೆ ಮತ್ತು ಸಂಬಳ ಎರಡನ್ನೂ ಕಾಗದದ ಮೇಲೆ ಬರೆದುಕೊಂಡು, ಹೆಂಡತಿಯ ಜೊತೆ ಕುಳಿತು ನಿರ್ಧರಿಸಿ. ಹೋಗುವುದೇ ಆದರೆ ಮೂವರೂ ಹೋಗುವ ಲೆಕ್ಕವನ್ನು ಮೊದಲು ಹಾಕಿ.