ಚಾರ್ಜಿಂಗ್ ದೀಪ ಹತ್ತಿ ಆರುತ್ತಿದ್ದರೆ ಎಲ್ಲಿಂದ ಹುಡುಕಬೇಕು?

ಹುಬ್ಬಳ್ಳಿಯಿಂದ ಗದಗಕ್ಕೆ ಹೋಗುವಾಗ ಕಾರಿನ ಡ್ಯಾಶ್‌ಬೋರ್ಡಿನಲ್ಲಿ ಬ್ಯಾಟರಿ ಚಿತ್ರದ ಕೆಂಪು ದೀಪ ಆಗೊಮ್ಮೆ ಈಗೊಮ್ಮೆ ಹತ್ತುತ್ತದೆ, ಬ್ಯಾಟರಿ ಬದಲಿಸಲೇ ಎಂದು ಕೇಳಿದ್ದೀರಿ. ದಯವಿಟ್ಟು ಅವಸರ ಮಾಡಬೇಡಿ. ಆ ದೀಪ ದೂರುವುದು ಹೆಚ್ಚಾಗಿ ಬ್ಯಾಟರಿಯನ್ನಲ್ಲ, ಅದಕ್ಕೆ ಚಾರ್ಜ್ ಕೊಡುವ ಆಲ್ಟರ್ನೇಟರ್, ಅದನ್ನು ತಿರುಗಿಸುವ ಬೆಲ್ಟ್ ಮತ್ತು ವೈರುಗಳನ್ನು.

ಯಾವಾಗ ಹತ್ತುತ್ತದೆ ಎಂಬುದನ್ನು ಗಮನಿಸಿ. ಅರ್ಧ ಉತ್ತರ ಅಲ್ಲಿಯೇ ಇದೆ. ಗುಂಡಿಗೆ ಇಳಿದಾಗ ಹತ್ತಿದರೆ ಬ್ಯಾಟರಿಯ ಟರ್ಮಿನಲ್ ಅಥವಾ ಕಾರಿನ ಲೋಹದ ಮೈಗೆ ಜೋಡಿಸಿದ ಅರ್ತ್ ವೈರ್ ಸಡಿಲವಾಗಿರಬಹುದು. ನನ್ನ ಕಾರಿನಲ್ಲಿ ಧಾರವಾಡದ ಜಿಟಿಜಿಟಿ ಮಳೆಯಲ್ಲಿ ಮಾತ್ರ, ಕಿರ್ ಎಂಬ ಸದ್ದಿನೊಡನೆ ಹತ್ತುತ್ತಿತ್ತು. ಬಾನೆಟ್ ತೆರೆದರೆ ಬೆಲ್ಟಿನ ಒಳಮೈ ಸವೆದು ಗಾಜಿನಂತೆ ಹೊಳೆಯುತ್ತಿತ್ತು. ಬೆಲ್ಟ್ ಬದಲಿಸಿದೆ, ದೀಪ ಮತ್ತೆ ಹತ್ತಲಿಲ್ಲ.

ಬೆಲ್ಟ್, ವೈರ್ ಸರಿಯಿದ್ದರೆ ವೋಲ್ಟೇಜ್ ಅಳೆಯುವ ಮಲ್ಟಿಮೀಟರ್ ಹಿಡಿಯಿರಿ. ಎಂಜಿನ್ ನಿಂತಾಗ ಬ್ಯಾಟರಿಯಲ್ಲಿ ಸುಮಾರು 12.6 ವೋಲ್ಟ್, ಓಡುವಾಗ ಸಾಮಾನ್ಯವಾಗಿ 13.8ರಿಂದ 14.5 ಇರಬೇಕು. ಹೆಡ್‌ಲೈಟ್, ಎಸಿ ಹಾಕಿದೊಡನೆ 13ಕ್ಕಿಂತ ಕೆಳಗೆ ಕುಸಿದರೆ ಆಲ್ಟರ್ನೇಟರಿನ ಬ್ರಷ್ (ತಿರುಗುವ ಭಾಗಕ್ಕೆ ವಿದ್ಯುತ್ ಮುಟ್ಟಿಸುವ ತುಂಡು) ಅಥವಾ ರೆಗ್ಯುಲೇಟರ್ (ವೋಲ್ಟೇಜನ್ನು ಹತೋಟಿಯಲ್ಲಿಡುವ ಭಾಗ) ಮೇಲೆ ಅನುಮಾನ ಪಡಿ; ಎಂಜಿನ್ ಕಾದ ಮೇಲೂ ಒಮ್ಮೆ ಅಳೆಯಿರಿ.

ಪರೀಕ್ಷೆಗೆಂದು ಓಡುವ ಎಂಜಿನ್ನಿನ ಬ್ಯಾಟರಿ ವೈರನ್ನು ಯಾರೇ ಹೇಳಿದರೂ ಬಿಚ್ಚಬೇಡಿ. ವೋಲ್ಟೇಜ್ ಒಮ್ಮೆಲೇ ಏರಿ ಇಸಿಯು, ಅಂದರೆ ಎಂಜಿನ್ ನಿಯಂತ್ರಿಸುವ ಕಂಪ್ಯೂಟರ್, ಸುಟ್ಟುಹೋಗಬಹುದು.