ಮಳೆಗಾಲದಲ್ಲಿ ಮಲೆನಾಡಿನ ಹಳ್ಳಗಳಲ್ಲಿ ಗಾಳಕ್ಕೆ ಮೀನು ಯಾವಾಗ ಚೆನ್ನಾಗಿ ಕಚ್ಚುತ್ತದೆ?

ಮಳೆ ಶುರುವಾಗಿ ನೀರು ಸ್ವಲ್ಪ ಕದಡಿದಾಗ, ಇಲ್ಲವೇ ನೆರೆ ಇಳಿದು ನೀರು ತಿಳಿಯಾಗುತ್ತಾ ಬಂದಾಗ. ಹಳ್ಳ ಕೆಂಪಗೆ ತುಂಬಿ ಹರಿಯುವಾಗ ಗಾಳ ಹಾಕಿ ಕೂರುವುದು ಸುಮ್ನೆ ಕಾಲಹರಣ.

ಕಾರಣ ಇಷ್ಟೇ. ಮಳೆನೀರು ದಡದ ಎರೆಹುಳು, ಇರುವೆ, ಮಿಡತೆಗಳನ್ನೆಲ್ಲ ಹಳ್ಳಕ್ಕೆ ತಳ್ಳುತ್ತದೆ. ಮೀನು ಅದನ್ನು ಹುಡುಕಿಕೊಂಡು ದಡದ ಹತ್ತಿರ ಬರುತ್ತದೆ. ನೀರು ತುಸು ಕದಡಿದ್ದರೆ ಗಾಳದ ದಾರವೂ ನಮ್ಮ ನೆರಳೂ ಅದಕ್ಕೆ ಅಷ್ಟಾಗಿ ಕಾಣುವುದಿಲ್ಲ. ಪೂರ್ತಿ ರಾಡಿಯಾದರೆ ಹುಳುವೇ ಕಾಣುವುದಿಲ್ಲ. ಆಗ ವಾಸನೆ, ಮೀಸೆಯ ಸ್ಪರ್ಶದಿಂದ ಮೇವು ಹುಡುಕುವ ಮೀಸೆಮೀನುಗಳು ಮಾತ್ರ ಕಚ್ಚಬಹುದು. ಮೊಣಕಾಲುದ್ದದ ನೀರಲ್ಲಿ ನಿಮ್ಮ ಪಾದ ಮಸುಕಾಗಿ ಕಂಡರೆ ಹದ ಸರಿಯಾಗಿದೆ ಅಂತ.

ಸೆಳವಿನ ನಡುವೆ ಗಾಳ ಬಿಡಬೇಡಿ. ಮೀನಿಗೂ ಸುಸ್ತಾಗುತ್ತೆ ಅಲ್ವಾ? ಅದು ಬಂಡೆಯ ಹಿಂದೆ, ತಿರುವಿನ ಒಳಬದಿಯಲ್ಲಿ, ನೀರು ನಿಧಾನವಾಗಿ ಸುತ್ತುವ ಕಡೆ ನಿಂತಿರುತ್ತದೆ. ಸೀಸದ ಗುಂಡು ಸ್ವಲ್ಪ ಭಾರದ್ದಿರಲಿ, ಎರೆಹುಳುವಿನ ಬಾಲ ಕೊಕ್ಕೆಯಿಂದಾಚೆ ಒದ್ದಾಡುತ್ತಿರಲಿ.

ಮುಂಗಾರಿನ ಮೊದಲ ನೀರಿಗೆ ಅನೇಕ ಮೀನುಗಳು ಮೊಟ್ಟೆಯಿಡಲು ಹಳ್ಳ ಹತ್ತುತ್ತವೆ. ಹೊಟ್ಟೆ ಉಬ್ಬಿದ್ದು ಸಿಕ್ಕರೆ ವಾಪಸ್ ಬಿಡಿ. ತರಗೆಲೆ, ಕಡ್ಡಿಗಳು ಇದ್ದಕ್ಕಿದ್ದಂತೆ ಜಾಸ್ತಿ ತೇಲಿಬಂದರೆ ಮೇಲೆ ಎಲ್ಲೋ ಜೋರು ಮಳೆಯಾಗಿರಬಹುದು. ತಕ್ಷಣ ದಡ ಹತ್ತಿ.